ಓಮ್ನಿಯ ಎಂಜಿನ್, ಓಟದ ಕಾರು

ಗಜೇಂದ್ರಗಡದ ಸಂತೆಗೆ ಈರುಳ್ಳಿ ಚೀಲ ಒಯ್ಯಲು ಓಮ್ನಿ. ನರಗುಂದದ ಮದುವೆಗೆ ಮನೆಮಂದಿಯೆಲ್ಲ ಹೊರಟರೆ ಓಮ್ನಿ. ಅಪರಾತ್ರಿ ಯಾರಿಗಾದರೂ ಹೊಟ್ಟೆನೋವು ಬಂದು ರೋಣದ ಆಸ್ಪತ್ರೆಗೆ ಓಡಬೇಕಾದರೂ ಓಮ್ನಿಯೇ. ಅದರ ಮುಂದಿನ ಸೀಟು ಎತ್ತಿದರೆ ಕೆಳಗೆ ಕಾಣುವುದು ಮೂರು ಸಿಲಿಂಡರಿನ ಪುಟ್ಟ ಎಂಜಿನ್. ಸಾಮರ್ಥ್ಯ 796 ಸಿಸಿ. ಪ್ರತಿ ಸಿಲಿಂಡರಿನ ವ್ಯಾಸ 68.5 ಮಿ.ಮೀ., ಪಿಸ್ಟನ್ ಏರಿಳಿಯುವ ದೂರ 72 ಮಿ.ಮೀ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800ರಲ್ಲಿದ್ದದ್ದೂ ಇದೇ. ಸುಜುಕಿಯವರು ಇದನ್ನು ಎಫ್8ಬಿ ಎನ್ನುತ್ತಾರೆ. ಎರಿ ಹೊಲದ ದಾರಿಯಲ್ಲಿ ದೂಳು ಕುಡಿದು ಓಡಾಡುವ ಈ ಎಂಜಿನ್ನೇ ಒಂದು ಕಾಲದಲ್ಲಿ ಭಾರತದ ಫಾರ್ಮುಲಾ ರೇಸಿನ ಮೊದಲ ಮೆಟ್ಟಿಲಾಗಿತ್ತು.

ಆ ಮೆಟ್ಟಿಲು ಕಟ್ಟಿದವರು ಕೊಯಮತ್ತೂರಿನ ಎಸ್. ಕರಿವರ್ಧನ್. ಜವಳಿ ಗಿರಣಿ ನಡೆಸುವ ಮನೆತನದವರು, ಸ್ವತಃ ರೇಸರ್. ಆಗ ಓಟ ನಡೆಯುತ್ತಿದ್ದದ್ದು ಮದ್ರಾಸಿನ ಹತ್ತಿರದ ಶೋಲಾವರಂನಲ್ಲಿ, ಎರಡನೆಯ ಮಹಾಯುದ್ಧದ ಹಳೆಯ ವಿಮಾನಪಟ್ಟಿಯ ಮೇಲೆ. ಹೊರದೇಶದ ರೇಸ್ ಕಾರು ತರಿಸುವ ಶಕ್ತಿ ಇದ್ದದ್ದು ಬೆರಳೆಣಿಕೆಯ ಶ್ರೀಮಂತರಿಗೆ ಮಾತ್ರ. ಉಳಿದವರು ಅಂಬಾಸಿಡರ್, ಫಿಯಟ್‌ಗಳನ್ನೇ ತಿದ್ದಿತೀಡಿ ಓಡಿಸಬೇಕಿತ್ತು. 1980ರ ದಶಕದ ಕೊನೆಯಲ್ಲಿ ಕರಿವರ್ಧನ್ ಮಾರುತಿ 800ರ ಎಂಜಿನ್ ಹಾಕಿ ಒಂಟಿ ಸೀಟಿನ, ಚಕ್ರಗಳು ಹೊರಗೆ ಕಾಣುವ ಕಾರು ಕಟ್ಟಿದರು. ಅದೇ ಫಾರ್ಮುಲಾ ಮಾರುತಿ. ನಾರಾಯಣ್ ಕಾರ್ತಿಕೇಯನ್ ತಮ್ಮ ಹದಿಹರೆಯದಲ್ಲಿ ರೇಸ್ ಕಲಿತದ್ದು ಈ ಕಾರಿನಲ್ಲಿ. 2005ರಲ್ಲಿ ಅವರು ಜೋರ್ಡಾನ್ ತಂಡದಿಂದ ಫಾರ್ಮುಲಾ ಒನ್ ಪ್ರವೇಶಿಸಿದ ಮೊದಲ ಭಾರತೀಯರಾದರು. ಅದನ್ನು ನೋಡಲು ಕರಿವರ್ಧನ್ ಇರಲಿಲ್ಲ. 1995ರಲ್ಲಿ ವಿಮಾನ ಅಪಘಾತವೊಂದರಲ್ಲಿ ಅವರು ತೀರಿಕೊಂಡಿದ್ದರು.

ಸಂತೆಯ ಗಾಡಿಯ ಎಂಜಿನ್ ರೇಸಿಗೆ ಒಗ್ಗುವುದು ಹೇಗೆ? ನಮ್ಮ ಕಡೆಯ ಖಾಲಿ ಗಾಡಾ ಓಡಿಸುವ ಸ್ಪರ್ಧೆ ನೋಡಿದವರಿಗೆ ಅರ್ಧ ಉತ್ತರ ಗೊತ್ತೇ ಇದೆ: ಹೊಲ ಉಳುವ ಎತ್ತುಗಳೇ ಅಲ್ಲಿ ಗಾಳಿಯಾಗುತ್ತವೆ, ಏಕೆಂದರೆ ಬೆನ್ನಹಿಂದೆ ಭಾರವಿಲ್ಲ. ಮಾರುತಿ 800ರ ತೂಕ ಸುಮಾರು 650 ಕಿಲೊ. ನಾಲ್ಕು ಜನ ಕೂತರೆ 900 ದಾಟುತ್ತದೆ. ಎಂಜಿನ್ನಿನ ಶಕ್ತಿ ಸುಮಾರು 37 ಅಶ್ವಶಕ್ತಿ. ಅಂದರೆ ಟನ್ನಿಗೆ 41. ಬಾಗಿಲು, ಹಿಂದಿನ ಸೀಟು, ಗಾಜು, ಡಿಕ್ಕಿ ಎಲ್ಲವನ್ನೂ ಕೈಬಿಟ್ಟು ಉಕ್ಕಿನ ಕೊಳವೆಗಳ ಚೌಕಟ್ಟಿಗೆ ಅದೇ ಎಂಜಿನ್ ಕೂರಿಸಿ, ಚಾಲಕನೂ ಸೇರಿ ತೂಕ 450 ಕಿಲೊ ಆಯಿತೆಂದು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಈಗ ಟನ್ನಿಗೆ 82. ಎಂಜಿನ್ನಿಗೆ ಒಂದು ಸ್ಪ್ಯಾನರ್ ಕೂಡ ಹಚ್ಚದೆ ತೂಕಕ್ಕೆ ಸಿಗುವ ಬಲ ಎರಡು ಪಟ್ಟಾಯಿತು.

ಆದರೂ ಇಂಥ ಕಾರು ನೇರ ರಸ್ತೆಯಲ್ಲಿ ಮೈ ನಡುಗಿಸುವಷ್ಟು ಓಡುವುದಿಲ್ಲ. ಅದರ ನಿಜವಾದ ಪಾಠ ಇರುವುದು ತಿರುವಿನಲ್ಲಿ. ತಿರುವಿನಲ್ಲಿ ಕಾರು ಎಷ್ಟು ವೇಗ ತಾಳುತ್ತದೆ ಎಂಬುದನ್ನು ಎಂಜಿನ್ ನಿರ್ಧರಿಸುವುದಿಲ್ಲ. ಟಯರು ಮತ್ತು ರಸ್ತೆಯ ನಡುವಿನ ಹಿಡಿತ, ತಿರುವಿನ ತ್ರಿಜ್ಯ ನಿರ್ಧರಿಸುತ್ತವೆ. ಕಾರನ್ನು ನೆಲಕ್ಕೆ ಒತ್ತುವ ರೆಕ್ಕೆಗಳಿಲ್ಲದ ಸರಳ ಲೆಕ್ಕದಲ್ಲಿ ಕಾರಿನ ತೂಕವೂ ಸೂತ್ರದಿಂದ ಹಾರಿಹೋಗುತ್ತದೆ. 50 ಮೀಟರ್ ತ್ರಿಜ್ಯದ ತಿರುವು, ಹಿಡಿತದ ಅಳತೆಯಾದ ಘರ್ಷಣಾಂಕ 1 ಎಂದುಕೊಂಡರೆ ಮಿತಿ ಗಂಟೆಗೆ ಸುಮಾರು 80 ಕಿ.ಮೀ. ಒಳ್ಳೆಯ ರೇಸ್ ಟಯರು ಹಾಕಿ ಘರ್ಷಣಾಂಕ 1.3ಕ್ಕೆ ಏರಿದರೆ ಮಿತಿ 91. ಇಲ್ಲಿ 37 ಅಶ್ವಶಕ್ತಿಯದಕ್ಕೂ ಸಾವಿರ ಅಶ್ವಶಕ್ತಿಯದಕ್ಕೂ ಭೇದವಿಲ್ಲ.

ಭೇದ ಕಾಣುವುದು ತಪ್ಪು ಮಾಡಿದಾಗ. 90ರಲ್ಲಿ ಹೊರಬರಬೇಕಾದ ತಿರುವಿನಿಂದ ಹೊಸ ಹುಡುಗನೊಬ್ಬ ಅಂಜಿ ಬ್ರೇಕ್ ಒತ್ತಿ 80ರಲ್ಲಿ ಹೊರಬಂದ ಎನ್ನಿ. ನಮ್ಮ 450 ಕಿಲೊ ಕಾರಿನಲ್ಲಿ ಕಳೆದುಹೋದ ಚಲನಶಕ್ತಿ ಸುಮಾರು 30 ಸಾವಿರ ಜೂಲ್. ಅದನ್ನು ಮರಳಿ ಗಳಿಸಲು ನಮ್ಮ ಪುಟ್ಟ ಎಂಜಿನ್ನಿಗೆ ಒಂದು ಸೆಕೆಂಡಿಗೂ ಹೆಚ್ಚು ಹೊತ್ತು ಬೇಕು, ಗಾಳಿಯ ತಡೆ ಸೇರಿದರೆ ಇನ್ನೂ ಹೆಚ್ಚು. ಅಷ್ಟರಲ್ಲಿ ಹಿಂದಿದ್ದವನು ಪಕ್ಕದಲ್ಲಿರುತ್ತಾನೆ. ಸಾವಿರ ಅಶ್ವಶಕ್ತಿಯ ಕಾರಿನಲ್ಲಾದರೆ ಪೆಡಲ್ ಒತ್ತಿ ಆ ತಪ್ಪನ್ನು ಮುಚ್ಚಿಹಾಕಬಹುದು. ಸಣ್ಣ ಎಂಜಿನ್ ಯಾವ ತಪ್ಪನ್ನೂ ಮುಚ್ಚಿಡುವುದಿಲ್ಲ. ಬ್ರೇಕ್ ಎಲ್ಲಿ ಬಿಡಬೇಕು, ಸ್ಟಿಯರಿಂಗ್ ಎಷ್ಟು ಕಡಿಮೆ ತಿರುಗಿಸಬೇಕು, ತಿರುವಿನ ಒಳ ಅಂಚನ್ನು ಯಾವ ಕ್ಷಣದಲ್ಲಿ ಮುಟ್ಟಬೇಕು ಎಂಬುದನ್ನು ಅದು ಹಟ ಹಿಡಿದು ಕಲಿಸುತ್ತದೆ. ಬಡವರ ಪಾಲಿನ ಅನಿವಾರ್ಯ ಎಂದು ಇದನ್ನು ನೋಡುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಕಲಿಯುವವನಿಗೆ ಇದಕ್ಕಿಂತ ಒಳ್ಳೆಯ ಎಂಜಿನ್ ಇಲ್ಲ.

ಜಗತ್ತಿನ ಬೇರೆಡೆಯೂ ಇದನ್ನು ಕಂಡುಕೊಂಡಿದ್ದರು. ಅಮೆರಿಕದಲ್ಲಿ 1960ರ ದಶಕದ ಆರಂಭದಲ್ಲಿ ಫೋಕ್ಸ್‌ವ್ಯಾಗನ್ ಬೀಟಲ್‌ನ ಎಂಜಿನ್ ಬಳಸಿ ಫಾರ್ಮುಲಾ ವೀ ಹುಟ್ಟಿತು. ಇಂಗ್ಲೆಂಡಿನ ಬ್ರ್ಯಾಂಡ್ಸ್ ಹ್ಯಾಚ್‌ನಲ್ಲಿ 1967ರಲ್ಲಿ ಫೋರ್ಡ್ ಕಾರ್ಟಿನಾದ ಎಂಜಿನ್ ಹೊತ್ತ ಫಾರ್ಮುಲಾ ಫೋರ್ಡ್ ಶುರುವಾಯಿತು. ನಿಕಿ ಲೌಡಾ ಮೊದಲನೆಯದರಲ್ಲಿ, ಐರ್ಟನ್ ಸೆನ್ನಾ ಎರಡನೆಯದರಲ್ಲಿ ಓಡಿ ಮೇಲೆ ಬಂದವರು.

ಎಂಜಿನ್ ಇದನ್ನೆಲ್ಲ ತಾಳುತ್ತದೆಯೇ ಎಂಬುದು ಮೆಕ್ಯಾನಿಕ್‌ಗಳ ಪ್ರಶ್ನೆ. ನಿಮಿಷಕ್ಕೆ 5,500 ಸುತ್ತಿನಲ್ಲಿ ಈ ಎಂಜಿನ್ನಿನ ಪಿಸ್ಟನ್ನು ಸೆಕೆಂಡಿಗೆ ಸರಾಸರಿ 13 ಮೀಟರ್ ಚಲಿಸುತ್ತದೆ. ಫಾರ್ಮುಲಾ ಒನ್ ಎಂಜಿನ್‌ಗಳು 25ರ ಆಸುಪಾಸಿನಲ್ಲಿ ಕೆಲಸ ಮಾಡಿವೆ. ಅಂದಮೇಲೆ ಲೋಹಕ್ಕೆ ಅಂಥ ದಣಿವಿಲ್ಲ. ಅಪಾಯ ಬೇರೆ ಕಡೆ ಇದೆ. ದೀರ್ಘ ತಿರುವಿನಲ್ಲಿ ಎಣ್ಣೆ ತೊಟ್ಟಿಯ ಒಂದು ಮಗ್ಗುಲಿಗೆ ಸರಿದು ನಿಲ್ಲುತ್ತದೆ, ಪಂಪು ಗಾಳಿ ಹೀರುತ್ತದೆ, ಬೇರಿಂಗ್ ಒಣಗಿ ಸುಡುತ್ತದೆ. ಸಂತೆಗೆ ಹೋಗುವ ಓಮ್ನಿಗೆ ಎಂದೂ ಬಾರದ ರೋಗವಿದು. ಔಷಧ ಸರಳ: ತೊಟ್ಟಿಯೊಳಗೆ ತಗಡಿನ ಅಡ್ಡಗೋಡೆಗಳು. ರೋಣದ ಯಾವ ಗ್ಯಾರೇಜಿನಲ್ಲೂ ಅವನ್ನು ವೆಲ್ಡ್ ಮಾಡಬಹುದು.

ನಮ್ಮೂರುಗಳ ವಿಷಯದಲ್ಲಿ ಇನ್ನೊಂದು ಮಾತು. ರೋಣ, ನರಗುಂದಗಳು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿವೆ. ಇಲ್ಲಿಯ ಗಾಳಿ ಸಮುದ್ರಮಟ್ಟದ ಗಾಳಿಗಿಂತ ಶೇ. 5ರಿಂದ 6ರಷ್ಟು ತೆಳು. ಟರ್ಬೊ ಇಲ್ಲದ ಎಂಜಿನ್ ಪ್ರತಿ ಉಸಿರಿಗೂ ಅಷ್ಟು ಕಡಿಮೆ ಆಮ್ಲಜನಕ ಎಳೆದುಕೊಳ್ಳುತ್ತದೆ, 37ರಲ್ಲಿ ಎರಡು ಅಶ್ವಶಕ್ತಿ ಕಳೆದುಕೊಳ್ಳುತ್ತದೆ. ಶೋಲಾವರಂನ ನಂತರ 1990ರಲ್ಲಿ ರೇಸುಗಳಿಗೆ ಮನೆಯಾದ ಶ್ರೀಪೆರಂಬುದೂರಿನ ಟ್ರ್ಯಾಕು ಸಮುದ್ರಮಟ್ಟಕ್ಕೆ ಹತ್ತಿರ. ಅದೇ ಎಂಜಿನ್ ಅಲ್ಲಿ ತುಸು ಚುರುಕು. ಗಜೇಂದ್ರಗಡದ ಗುಡ್ಡದ ಏರಿನಲ್ಲಿ ತುಂಬಿದ ಓಮ್ನಿ ಎರಡನೇ ಗೇರಿಗೆ ಇಳಿಯುವುದರಲ್ಲಿ ಭಾರದ ಜೊತೆ ಈ ತೆಳುಗಾಳಿಯ ಪಾಲೂ ಇದೆ.

ಫಾರ್ಮುಲಾ ಮಾರುತಿಯ ಜಾಗದಲ್ಲಿ ಈಗ ಎಲ್‌ಜಿಬಿ ಫಾರ್ಮುಲಾ 4 ಇದೆ. ಕೊಯಮತ್ತೂರಿನ ಚೈನ್ ತಯಾರಕರಾದ ಎಲ್‌ಜಿಬಿಯವರ ಹೆಸರು, ಮಾರುತಿ ಎಸ್ಟೀಮ್‌ನ 1.3 ಲೀಟರ್ ಎಂಜಿನ್. ಅದೇ ಊರಿನ ಚೆಟ್ಟಿಪಾಳ್ಯಂನಲ್ಲಿರುವ ಕರಿ ಮೋಟರ್ ಸ್ಪೀಡ್‌ವೇ ಕರಿವರ್ಧನ್ ಹೆಸರನ್ನೇ ಹೊತ್ತಿದೆ. ಅಂತರರಾಷ್ಟ್ರೀಯ ಆಟೊಮೊಬೈಲ್ ಒಕ್ಕೂಟದ ಮನ್ನಣೆಯ ಫಾರ್ಮುಲಾ 4 ಇಂಡಿಯಾ ಕಾರಿನಲ್ಲೂ ಸುಮಾರು 1.3 ಲೀಟರ್ ಎಂಜಿನ್ನೇ ಇರುವುದು, ಆದರೆ ಟರ್ಬೊ ಗಾಳಿಯನ್ನು ಒತ್ತಿ ತುಂಬುವುದರಿಂದ ಶಕ್ತಿ ಹೆಚ್ಚುಕಡಿಮೆ ಎರಡು ಪಟ್ಟು. ಖರ್ಚೂ ಹಾಗೆಯೇ ಬೆಳೆಯುತ್ತದೆ, ದುರಸ್ತಿಗೆ ತರಬೇತಾದ ಎಂಜಿನಿಯರ್‌ಗಳು, ಹೊರದೇಶದ ಬಿಡಿಭಾಗಗಳು ಬೇಕು. ಎಸ್ಟೀಮ್ ತಯಾರಿಕೆ 2007ರಲ್ಲೇ ನಿಂತಿತು. ಆದರೆ ಅದೇ ಎಂಜಿನ್ ಕುಟುಂಬದ ಜಿಪ್ಸಿಗಳು ಅದಾದ ಮೇಲೂ ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ತಯಾರಾದವು. ಆ ಎಂಜಿನ್ ಬಿಚ್ಚಿ ಜೋಡಿಸಬಲ್ಲ ಕೈಗಳು ಹುಬ್ಬಳ್ಳಿ, ಗದಗಗಳಲ್ಲಿ ಈಗಲೂ ಇವೆ.