ಎಪ್ಪತ್ತು ವರ್ಷ ಕಾಯುವವರಿಗೊಂದು ಪತ್ರ

ಕೆಲಸ ಕಳೆದುಕೊಂಡವರಿಗೆ, ವೀಸಾಕ್ಕಾಗಿ ಕಾಯುವವರಿಗೆ, ಆಸ್ಪತ್ರೆಯ ರಿಪೋರ್ಟ್ ಹಿಡಿದು ಕೂತವರಿಗೆ ಬೈಬಲಿನ ಒಂದು ವಚನವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ರೂಢಿ ನಮ್ಮ ಕ್ರೈಸ್ತ ಮನೆಗಳಲ್ಲಿದೆ. ಯೆರೆಮೀಯನ ಗ್ರಂಥದ 29ನೇ ಅಧ್ಯಾಯ, 11ನೇ ವಚನ. ದೇವರ ಮನಸ್ಸಿನಲ್ಲಿ ನಿಮಗೆ ಒಳ್ಳೆಯದೇ ಇದೆ, ಮುಂದೆ ಗತಿಯಿದೆ ಎಂಬ ಅರ್ಥದ ಮಾತು. ಅದರ ಹಿಂದಿನ ವಚನವನ್ನು ಮಾತ್ರ ಯಾರೂ ಕಳಿಸುವುದಿಲ್ಲ. ಅದಕ್ಕೆಲ್ಲ ಎಪ್ಪತ್ತು ವರ್ಷ ಹಿಡಿಯುತ್ತದೆ ಎಂದು ಅಲ್ಲಿದೆ.

ಕ್ರಿ.ಪೂ. 597ರಲ್ಲಿ ಬಾಬಿಲೋನಿನ ಅರಸ ನೆಬೂಕದ್ನೆಚ್ಚರ ಯೆರೂಸಲೇಮನ್ನು ಗೆದ್ದು, ಅಲ್ಲಿನ ರಾಜನನ್ನೂ ಕಮ್ಮಾರರು, ಕಸುಬುದಾರರನ್ನೂ ಸೆರೆ ಒಯ್ದ. ಊರಲ್ಲಿ ಉಳಿದ ಹನನ್ಯನೆಂಬ ಪ್ರವಾದಿ, ಇನ್ನೆರಡೇ ವರ್ಷದಲ್ಲಿ ಎಲ್ಲರೂ ಮರಳುತ್ತಾರೆಂದು ದೇವಾಲಯದಲ್ಲೇ ಸಾರಿದ. ಯಾರಿಗೆ ತಾನೇ ಆ ಮಾತು ಬೇಡ? ಇಂದಿಗೂ ನಾವು ಹುಡುಕುವುದು ಹನನ್ಯರನ್ನೇ.

ಆ ವಚನ ಬರುವುದು ಪ್ರವಾದಿ ಯೆರೆಮೀಯ ಸೆರೆಯವರಿಗೆ ಬರೆದ ಪತ್ರದಲ್ಲಿ. ಅದರ ದನಿಯೇ ಬೇರೆ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿಸಿ, ನೀವಿರುವ ಊರಿನ ಒಳಿತಿಗಾಗಿ ಪ್ರಾರ್ಥಿಸಿ ಎಂದ. ಆ ಊರು ತಮ್ಮನ್ನು ಸೆರೆಹಿಡಿದವರದು! ಪತ್ರ ಓದಿದ ನಡುವಯಸ್ಸಿನವನಿಗೆ ತಾನು ಅಲ್ಲೇ ಸಾಯುತ್ತೇನೆಂಬುದು ಖಚಿತವಾಗಿರಬೇಕು. ಆದರೂ ನಾಳೆ ಬೆಳಗ್ಗೆ ಮಾಡಬೇಕಾದ ಕೆಲಸವೊಂದು ಅವನ ಕೈಗೆ ಬಂತು. ಚಿಂತೆಯಲ್ಲಿ ಮುಳುಗಿದವರಿಗೆ ಧರ್ಮಗ್ರಂಥ ಕೊಡಬಲ್ಲ ದೊಡ್ಡ ಆಸರೆ ಇದೇ ಎಂದು ನಾನು ನಂಬಿದ್ದೇನೆ.

ಸೆರೆಯವರು ಹಾಗೆಯೇ ಬದುಕಿದರು ಎನ್ನುವುದಕ್ಕೆ ಬೈಬಲಿನ ಹೊರಗೂ ಸಾಕ್ಷಿಯಿದೆ. ಬಾಬಿಲೋನಿಯಾದ 'ಆಲ್-ಯಹೂದು' ಎಂಬ ಹಳ್ಳಿಯ ಜೇಡಿಮಣ್ಣಿನ ಫಲಕಗಳು ಸಿಕ್ಕಿವೆ. ಅವುಗಳಲ್ಲಿ ಹಳೆಯದು ಕ್ರಿ.ಪೂ. 572ರದು. ಬಾರ್ಲಿ, ಖರ್ಜೂರ, ಸಾಲ, ತೆರಿಗೆಯ ಲೆಕ್ಕಗಳ ನಡುವೆ ಯೆಹೂದ್ಯರ ಹೆಸರುಗಳಿವೆ.

ಯೆರೆಮೀಯ ಬರೀ ಬುದ್ಧಿ ಹೇಳಿ ಸುಮ್ಮನಾದವನಲ್ಲ. ಮುಂದೆ ಯೆರೂಸಲೇಮಿಗೆ ಮತ್ತೆ ಮುತ್ತಿಗೆ ಬಿದ್ದಾಗ ಅವನು ಕಾವಲಿನವರ ಅಂಗಳದಲ್ಲಿ ಬಂದಿಯಾಗಿದ್ದ. ಆಗ ಚಿಕ್ಕಪ್ಪನ ಮಗ ಬಂದು, ಅನಾತೋತಿನ ಹೊಲ ಕೊಂಡುಕೋ ಎಂದ. ನಾಡೇ ಶತ್ರುವಿನ ಪಾಲಾಗುತ್ತಿರುವಾಗ ಹೊಲ ಯಾರಿಗೆ ಬೇಕು? ಯೆರೆಮೀಯ 17 ಶೆಕೆಲ್ ಬೆಳ್ಳಿ ತೂಗಿ ಕೊಟ್ಟ. ಸಾಕ್ಷಿಗಳ ಸಹಿ ಹಾಕಿಸಿ, ಕ್ರಯಪತ್ರವನ್ನು ಬಹುಕಾಲ ಕೆಡದಂತೆ ಮಣ್ಣಿನ ಮಡಕೆಯಲ್ಲಿ ಇಡಿಸಿದ. ಮುಂದೊಂದು ದಿನ ಈ ನೆಲದಲ್ಲಿ ಮನೆ, ಹೊಲ, ದ್ರಾಕ್ಷಿತೋಟಗಳ ವ್ಯಾಪಾರ ನಡೆದೇ ನಡೆಯುತ್ತದೆಂಬ ನಂಬಿಕೆ ಅವನದು. ಊರು ಬಿತ್ತು, ದೇವಾಲಯ ಸುಟ್ಟುಹೋಯಿತು. ಕ್ರಿ.ಪೂ. 539ರಲ್ಲಿ ಪರ್ಷಿಯದ ಕೋರೆಷ ಬಾಬಿಲೋನನ್ನು ಗೆದ್ದ ಮೇಲೆ ಸೆರೆಯವರ ಮುಂದಿನ ಪೀಳಿಗೆಗಳು ಊರಿಗೆ ಮರಳತೊಡಗಿದವು.

ನೊಂದವರಿಗೆ ಆ ಒಂದು ವಚನವನ್ನು ಖಂಡಿತ ಕಳಿಸಿ. ಆದರೆ ನೀವು 27ರಿಂದ 32ರವರೆಗಿನ ಆರೂ ಅಧ್ಯಾಯಗಳನ್ನು ಒಂದೇ ಬಾರಿಗೆ ಕೂತು ಓದಿ, ಆಮೇಲೆ ಕಳಿಸಿ.