ಯಾವ ಬೀರು ಮೇಲು?

ಕೃಷ್ಣೆ ಮತ್ತು ತುಂಗಭದ್ರೆಯರ ನಡುವಣ ರಾಯಚೂರು ಸೀಮೆಯ ಬೇಸಗೆ ಎಂತಹುದೆಂಬುದನ್ನು ಅಲ್ಲಿಯವರಿಗೆ ಹೇಳಬೇಕಾಗಿಲ್ಲ. ಉಷ್ಣತಾಮಾಪಕದ ಪಾದರಸವು 40 ಡಿಗ್ರಿ ಸೆಂಟಿಗ್ರೇಡನ್ನು ದಾಟುವ ಅಂತಹ ಒಂದು ದಿನ, ದೇವದುರ್ಗ ತಾಲ್ಲೂಕಿನ ಮಸರಕಲ್ಲಿನಲ್ಲಿ ಮೂವರು ವಯಸ್ಕರು ಬೇವಿನ ನೆರಳಿನಲ್ಲಿ ಮಾತಿಗೆ ಕುಳಿತಿದ್ದಾರೆಂದು ಭಾವಿಸೋಣ. “ನಿನ್ನಿ ರಾಯಚೂರಾಗ ಕುಡಿದ ಬೀರಿನಂಥಾದ್ದು ಯಾವುದೂ ಇಲ್ಲ ನೋಡಣ್ಣ” ಎನ್ನುತ್ತಾನೆ ಕಿರಿಯವನು. “ಸುಮ್ಮನಿರೋ ತಮ್ಮಾ, ಇಪ್ಪತ್ತು ವರ್ಷದಿಂದ ಒಂದೇ ಬೀರು ಕುಡಿಯಾಕತ್ತೀನಿ, ಅದರ ಮುಂದ ಬ್ಯಾರೆ ಯಾವುದೂ ನಿಲ್ಲಂಗಿಲ್ಲ” ಎನ್ನುತ್ತಾನೆ ಎರಡನೆಯವನು. ಮೂರನೆಯವರು ಹಿರಿಯರು. “ನಮ್ಮ ಕಾಲದ ಈಚಲ ಮರದ ಸೇಂದಿ ಮುಂದ ನಿಮ್ಮ ಬಾಟ್ಲಿ ಏನ್ರಪಾ” ಎಂದು ಅವರು ಇಬ್ಬರ ಬಾಯನ್ನೂ ಮುಚ್ಚಿಸುತ್ತಾರೆ.

ಮೂವರಿಗೂ ತಮ್ಮ ಮಾತಿನಲ್ಲಿ ಪೂರ್ಣ ನಂಬಿಕೆಯುಂಟು. ಆದರೆ ಒಬ್ಬನ ತೀರ್ಪು ನಿನ್ನೆಯ ಅನುಭವದ ಮೇಲೆ ನಿಂತಿದೆ. ಇನ್ನೊಬ್ಬನದು ಅಭ್ಯಾಸದ ಮೇಲೆ. ಹಿರಿಯರದು ನೆನಪಿನ ಮೇಲೆ. ಇವುಗಳಲ್ಲಿ ಯಾವುದನ್ನು ನಂಬುವುದು? ಇದು ಕೇವಲ ಹರಟೆಯ ಪ್ರಶ್ನೆಯೆಂದು ತೋರಬಹುದು. ವಾಸ್ತವವಾಗಿ ಇದೇ ಬಗೆಯ ಪ್ರಶ್ನೆಯಿಂದ ಆಧುನಿಕ ಸಂಖ್ಯಾಶಾಸ್ತ್ರದ ಒಂದು ಮುಖ್ಯ ಶಾಖೆ ಬೆಳೆಯಿತು. ಇದಕ್ಕೆ ತಪ್ಪು ಉತ್ತರ ಕೊಟ್ಟುಕೊಂಡವರು ಕಣ್ಣನ್ನೂ ಪ್ರಾಣವನ್ನೂ ಕಳೆದುಕೊಂಡದ್ದುಂಟು.

ಬೀರು ಮತ್ತು ಸೇಂದಿ

ಎರಡು ಬೀರುಗಳಲ್ಲಿ ವ್ಯತ್ಯಾಸವೇಕೆ ಉಂಟಾಗುತ್ತದೆಂಬುದನ್ನು ಮೊದಲು ನೋಡೋಣ. ಬೀರಿಗೆ ಬೇಕಾದ ಪದಾರ್ಥಗಳು ಮುಖ್ಯವಾಗಿ ನಾಲ್ಕು: ಜವೆಗೋಧಿ, ಹಾಪ್ ಎಂಬ ಬಳ್ಳಿಯ ಹೂ, ಯೀಸ್ಟ್ ಮತ್ತು ನೀರು. ಜವೆಗೋಧಿಯನ್ನು ನೆನೆಯಿಸಿ ಮೊಳಕೆ ಬರಿಸಿ ಒಣಗಿಸುತ್ತಾರೆ. ಮೊಳೆಯುವ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವವು ಹುಟ್ಟುತ್ತದೆ. ಇಂತಹ ಕಾಳನ್ನು ಒಡೆದು ಸುಮಾರು 65 ಡಿಗ್ರಿ ಉಷ್ಣತೆಯ ನೀರಿನಲ್ಲಿಟ್ಟರೆ ಕಿಣ್ವವು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತದೆ. ಮೊಳಕೆ ಬರಿಸಿದ ರಾಗಿಯ ಗಂಜಿ ಸಿಹಿಯಾಗಿರುವುದಕ್ಕೂ ಇದೇ ಕಾರಣ. ಜೋಳದಲ್ಲಿಯೂ ಇದು ಸಾಧ್ಯ. ಆಫ್ರಿಕದ ದಕ್ಷಿಣ ಭಾಗದಲ್ಲಿ ಜೋಳದಿಂದಲೇ ಬೀರನ್ನು ಮಾಡುವ ಸಂಪ್ರದಾಯವಿದೆ. ಹೀಗೆ ದೊರೆತ ಸಿಹಿನೀರನ್ನು ಹಾಪ್ ಹೂವಿನೊಡನೆ ಕುದಿಸಿದಾಗ ಕಹಿ ಮತ್ತು ಪರಿಮಳ ಬರುತ್ತವೆ. ತಣಿಸಿ ಯೀಸ್ಟ್ ಬೆರೆಸಿದರೆ, ಆ ಸೂಕ್ಷ್ಮಜೀವಿಯು ಸಕ್ಕರೆಯನ್ನು ಮದ್ಯಸಾರವನ್ನಾಗಿಯೂ ಇಂಗಾಲದ ಡೈ ಆಕ್ಸೈಡ್ ವಾಯುವನ್ನಾಗಿಯೂ ಮಾರ್ಪಡಿಸುತ್ತದೆ.

ಕಾಳನ್ನು ಹೆಚ್ಚು ಹುರಿದರೆ ಬೀರು ಕಪ್ಪಾಗುತ್ತದೆ. ಯೀಸ್ಟಿನ ತಳಿ ಬದಲಾದರೆ ಪರಿಮಳ ಬದಲಾಗುತ್ತದೆ. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಹ್ಯಾನ್ಸೆನ್ ಎಂಬ ವಿಜ್ಞಾನಿಯು 1883ರಲ್ಲಿ ಒಂದೇ ಯೀಸ್ಟ್ ಕಣದಿಂದ ಶುದ್ಧ ತಳಿಯನ್ನು ಬೆಳೆಸಿ, ಒಂದು ಕಾರ್ಖಾನೆಯ ಬೀರು ಪ್ರತಿಸಲವೂ ಒಂದೇ ತೆರನಾಗಿರುವಂತೆ ಮಾಡಿದನು. ನಮ್ಮ ಕಡೆ 1915ರಲ್ಲಿ ಥಾಮಸ್ ಲೀಷ್‌ಮನ್ ಎಂಬ ಸ್ಕಾಟ್ಲೆಂಡಿನವನು ದಕ್ಷಿಣ ಭಾರತದ ಐದು ಬೀರು ಕಾರ್ಖಾನೆಗಳನ್ನು ಕೂಡಿಸಿ ಯುನೈಟೆಡ್ ಬ್ರೂವರೀಸ್ ಸಂಸ್ಥೆಯನ್ನು ಕಟ್ಟಿದನು. ಅದರ ಕೇಂದ್ರ ಇಂದು ಬೆಂಗಳೂರಿನಲ್ಲಿದೆ.

ಸೇಂದಿಯ ಕಥೆ ಬೇರೆ. ಈಚಲು ಮರದ ರಸದಲ್ಲಿ ಸಕ್ಕರೆಯು ಸಿದ್ಧವಾಗಿಯೇ ಇರುತ್ತದೆ. ಮೊಳಕೆಯೂ ಬೇಡ, ಕುದಿಸುವುದೂ ಬೇಡ. ಗಾಳಿಯಲ್ಲಿಯೂ ಗಡಿಗೆಯಲ್ಲಿಯೂ ಇರುವ ಸೂಕ್ಷ್ಮಜೀವಿಗಳೇ ಅದನ್ನು ಕೆಲವು ಗಂಟೆಗಳಲ್ಲಿ ಹುದುಗಿಸುತ್ತವೆ. ಹೊತ್ತು ಏರಿದಂತೆ ಮದ್ಯಸಾರ ಹೆಚ್ಚುತ್ತದೆ. ಆಮೇಲೆ ಬೇರೊಂದು ಗುಂಪಿನ ಬ್ಯಾಕ್ಟೀರಿಯಾಗಳು ಆ ಮದ್ಯಸಾರವನ್ನೇ ಅಸಿಟಿಕ್ ಆಮ್ಲವನ್ನಾಗಿ ಮಾಡಿ ಹುಳಿಗೊಳಿಸುತ್ತವೆ. ಆದುದರಿಂದ ಒಂದೇ ಮರದ ರಸವು ಮುಂಜಾನೆ ಒಂದು ಪಾನೀಯ, ಸಂಜೆಗೆ ಇನ್ನೊಂದು. “ಆ ಕಾಲದ ಸೇಂದಿ” ಎಂದು ಹಿರಿಯರು ಹೇಳುವಾಗ ಯಾವ ಹೊತ್ತಿನ ಸೇಂದಿ ಎಂದು ನಾವು ಕೇಳಬೇಕಾಗುತ್ತದೆ.

ಬಾಟಲಿಯ ಬೀರಾದರೂ ಸ್ಥಿರವೇ? ಅದೂ ಅಲ್ಲ. ಸೂರ್ಯನ ಬೆಳಕು ಬಿದ್ದರೆ ಹಾಪ್ ಹೂವಿನ ಕಹಿ ಪದಾರ್ಥವು ಒಡೆದು ಗಂಧಕವುಳ್ಳ ಒಂದು ದುರ್ವಾಸನೆಯ ಸಂಯುಕ್ತವಾಗುತ್ತದೆ. ಬೀರಿನ ಬಾಟಲಿ ಸಾಮಾನ್ಯವಾಗಿ ಕಂದು ಬಣ್ಣದ್ದಾಗಿರುವುದು ಈ ಬೆಳಕನ್ನು ತಡೆಯುವುದಕ್ಕಾಗಿಯೇ. ಬೆಚ್ಚಗಿನ ಉಗ್ರಾಣದಲ್ಲಿ ತಿಂಗಳುಗಟ್ಟಲೆ ಇಟ್ಟ ಬೀರಿನಲ್ಲಿ ಹಳಸಿದ ರಟ್ಟಿನಂತಹ ವಾಸನೆ ಬರುತ್ತದೆ. ಹೀಗಿರುವಾಗ “ನಿನ್ನೆಯ ಬೀರು ಚೆನ್ನಾಗಿತ್ತು” ಎಂಬ ಮಾತು ಕಾರ್ಖಾನೆಯನ್ನು ಹೊಗಳುತ್ತದೆಯೋ, ಅಂಗಡಿಯವನ ನೆರಳಿನ ಕೋಣೆಯನ್ನು ಹೊಗಳುತ್ತದೆಯೋ ಹೇಳುವುದು ಕಷ್ಟ.

ನಾಲಿಗೆ ಎಂಬ ಸಾಕ್ಷಿ

ಪಾನೀಯವು ಬದಲಾಗದಿದ್ದರೂ ಕುಡಿಯುವವನು ಬದಲಾಗುತ್ತಾನೆ. ನಾಲಿಗೆಯು ಸಿಹಿ, ಹುಳಿ, ಉಪ್ಪು, ಕಹಿ ಮತ್ತು ಉಮಾಮಿ ಎಂಬ ಕೆಲವು ಮೂಲ ರುಚಿಗಳನ್ನು ಮಾತ್ರ ಗುರುತಿಸಬಲ್ಲದು. ನಾವು “ರುಚಿ” ಎನ್ನುವುದರಲ್ಲಿ ದೊಡ್ಡ ಪಾಲು ಮೂಗಿನದು. ನೆಗಡಿ ಬಂದಾಗ ಅನ್ನ ಸಪ್ಪೆಯೆನಿಸುವುದು ಇದರಿಂದಲೇ. ತೀರ ತಣ್ಣಗಿರುವ ಪಾನೀಯದಿಂದ ಪರಿಮಳದ ಆವಿ ಕಡಿಮೆ ಏಳುತ್ತದೆ. ಆದ್ದರಿಂದ ಮಂಜುಗಡ್ಡೆಯಂತೆ ತಣಿಸಿದಾಗ ಒಳ್ಳೆಯದೂ ಕೆಟ್ಟದ್ದೂ ಒಂದೇ ತೆರನಾಗಿ ತೋರುತ್ತವೆ. ಬಾಯಾರಿದವನಿಗೆ ಮೊದಲನೆಯ ಗುಟುಕು ಅಮೃತ. ಅದೇ ಪಾನೀಯದ ಕೊನೆಯ ಗುಟುಕು ಸಾಧಾರಣ. ಸಿಹಿಯಾದುದನ್ನು ತಿಂದು ಚಹ ಕುಡಿದರೆ ಚಹದಲ್ಲಿ ಸಕ್ಕರೆಯೇ ಇಲ್ಲವೆನಿಸುತ್ತದೆ. ಎಂದರೆ ಯಾವುದನ್ನು ಮೊದಲು ಸವಿದೆವು ಎಂಬುದೂ ತೀರ್ಪನ್ನು ತಿರುಗಿಸಬಲ್ಲದು.

ಎಲ್ಲಕ್ಕಿಂತ ಹೆಚ್ಚಾಗಿ ತಿರುಗಿಸುವುದು ಹೆಸರಿನ ಚೀಟಿ. ಅಮೆರಿಕದಲ್ಲಿ ಆಲಿಸನ್ ಮತ್ತು ಊಲ್ ಎಂಬ ಸಂಶೋಧಕರು 1964ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಪ್ರಸಿದ್ಧವಾಗಿದೆ. ಮುನ್ನೂರಕ್ಕೂ ಹೆಚ್ಚು ಬೀರು ಕುಡಿಯುವವರಿಗೆ ಮೊದಲು ಚೀಟಿಯಿಲ್ಲದ ಬಾಟಲಿಗಳನ್ನು ಕೊಟ್ಟು ಅಂಕ ಹಾಕಿಸಿದರು. ತಮ್ಮ ಮೆಚ್ಚಿನ ಬೀರನ್ನು ಅವರು ಬೇರೆಯವುಗಳಿಂದ ಪ್ರತ್ಯೇಕಿಸಲಾರದೆ ಹೋದರು. ಅವೇ ಬೀರುಗಳನ್ನು ಚೀಟಿಯೊಡನೆ ಕೊಟ್ಟಾಗ ಅಂಕಗಳು ಏರಿದವು; ತಮ್ಮ ಮೆಚ್ಚಿನ ಹೆಸರಿಗೆ ಅವರು ಹೆಚ್ಚು ಅಂಕ ಕೊಟ್ಟರು. 2006ರಲ್ಲಿ ಪ್ರಕಟವಾದ ಮತ್ತೊಂದು ಪ್ರಯೋಗದಲ್ಲಿ ಬೀರಿಗೆ ಕೆಲವು ತೊಟ್ಟು ವಿನಿಗರ್ ಬೆರೆಸಿ ಕೊಟ್ಟರು. ಈ ವಿಷಯವನ್ನು ಮೊದಲೇ ಕೇಳಿದವರು ಅದನ್ನು ಅಷ್ಟಾಗಿ ಮೆಚ್ಚಲಿಲ್ಲ. ಕುಡಿದಾದ ಮೇಲೆ ಕೇಳಿದವರಾದರೋ, ಏನೂ ತಿಳಿಯದವರಂತೆಯೇ ಅದನ್ನು ಮೆಚ್ಚಿಕೊಂಡರು! ತಿಳಿವಳಿಕೆಯು ರುಚಿಯ ಅನುಭವದೊಳಗೇ ಬೆರೆತುಹೋಗುತ್ತದೆಂಬುದಕ್ಕೆ ಇದು ನಿದರ್ಶನ.

ಹೀಗೆಂದಮಾತ್ರಕ್ಕೆ ಇವರಾರೂ ಸುಳ್ಳು ಹೇಳುತ್ತಿದ್ದಾರೆಂದು ಅರ್ಥವಲ್ಲ. ಅವರಿಗೆ ಹಾಗೆ ರುಚಿಸಿದ್ದು ನಿಜ. ಆ ರುಚಿಗೆ ಕಾರಣ ಬಾಟಲಿಯ ಒಳಗಿತ್ತೆಂಬುದು ಮಾತ್ರ ಸಿದ್ಧವಾಗಲಿಲ್ಲ.

ಮೂರು ಲೋಟಗಳ ಪರೀಕ್ಷೆ

ಹಾಗಾದರೆ ನ್ಯಾಯವಾದ ಪರೀಕ್ಷೆ ಯಾವುದು? 1940ರ ದಶಕದಲ್ಲಿ ಕಾರ್ಲ್ಸ್‌ಬರ್ಗ್ ಕಾರ್ಖಾನೆಯಲ್ಲಿ ಬಳಕೆಗೆ ಬಂದ ತ್ರಿಕೋನ ಪರೀಕ್ಷೆಯು ಬಹಳ ಸರಳವಾದುದು. ಮೂರು ಲೋಟಗಳನ್ನು ಮುಂದಿಡುತ್ತಾರೆ. ಎರಡರಲ್ಲಿ ಒಂದೇ ಪಾನೀಯ, ಮೂರನೆಯದರಲ್ಲಿ ಬೇರೆಯದು. ಬೇರೆಯದು ಯಾವುದೆಂದು ಹೇಳಬೇಕು. ಯಾವುದು ಮೇಲೆಂದು ಕೇಳುವುದೇ ಇಲ್ಲ. ಏಕೆಂದರೆ ವ್ಯತ್ಯಾಸವೇ ತಿಳಿಯದಿದ್ದರೆ ಮೇಲು ಕೀಳಿನ ಮಾತಿಗೆ ಆಧಾರವಿಲ್ಲ.

ಏನೂ ತಿಳಿಯದವನು ಸುಮ್ಮನೆ ಊಹಿಸಿದರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ. ಹನ್ನೆರಡು ಸಲ ಪರೀಕ್ಷಿಸಿದರೆ ಬರಿಯ ಊಹೆಯಿಂದ ಸರಾಸರಿ 4 ಸರಿಯುತ್ತರ ಬರುತ್ತದೆ. ನಮ್ಮ ಮಸರಕಲ್ಲಿನ ಮಿತ್ರನು 6 ಸಲ ಸರಿಯಾಗಿ ಹೇಳಿದನೆಂದುಕೊಳ್ಳೋಣ. ಅವನು ಹೆಮ್ಮೆಪಡಬಹುದೇ? ಗಣಿತವು ಬೇಡವೆನ್ನುತ್ತದೆ. 7 ಅಥವಾ ಅದಕ್ಕೆ ಹೆಚ್ಚು ಉತ್ತರಗಳು ಕೇವಲ ಊಹೆಯಿಂದ ಸರಿಯಾಗುವ ಸಂಭವವು 100ಕ್ಕೆ ಸುಮಾರು 7. 8 ಅಥವಾ ಅದಕ್ಕೆ ಹೆಚ್ಚು ಸರಿಯಾಗುವ ಸಂಭವವು 100ಕ್ಕೆ ಸುಮಾರು 2 ಮಾತ್ರ. ಆದುದರಿಂದ 12ರಲ್ಲಿ 8 ಸರಿಯಾದರೆ ಅವನ ನಾಲಿಗೆ ವ್ಯತ್ಯಾಸವನ್ನು ಬಲ್ಲದೆಂದು ಒಪ್ಪಬಹುದು. ದ್ವಿಪದ ಪ್ರಮೇಯವನ್ನು ಕಲಿತ ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು.

ಇಂತಹ ಲೆಕ್ಕಕ್ಕೂ ಬೀರಿಗೂ ಹಳೆಯ ನಂಟಿದೆ. ವಿಲಿಯಂ ಸೀಲಿ ಗಾಸೆಟ್ ಎಂಬ ತರುಣ ರಸಾಯನಜ್ಞನು 1899ರಲ್ಲಿ ಡಬ್ಲಿನ್ನಿನ ಗಿನ್ನೆಸ್ ಬೀರು ಕಾರ್ಖಾನೆಗೆ ಸೇರಿದನು. ಜವೆಗೋಧಿಯ ತಳಿಗಳಲ್ಲಿ ಯಾವುದು ಮೇಲು, ಹಾಪ್ ಹೂವಿನ ಗುಣವೆಷ್ಟು ಎಂಬುದನ್ನು ಬೆರಳೆಣಿಕೆಯ ಪರೀಕ್ಷೆಗಳಿಂದಲೇ ತೀರ್ಮಾನಿಸಬೇಕಾಗಿತ್ತು. ಆಗಿನ ಸಂಖ್ಯಾಶಾಸ್ತ್ರಕ್ಕೆ ನೂರಾರು ಅಳತೆಗಳು ಬೇಕಾಗುತ್ತಿದ್ದವು. ಕೆಲವೇ ಅಳತೆಗಳಿಂದ ಎಷ್ಟರಮಟ್ಟಿಗೆ ನಂಬಲರ್ಹವಾದ ತೀರ್ಮಾನಕ್ಕೆ ಬರಬಹುದೆಂಬುದನ್ನು ಆತನು 1908ರಲ್ಲಿ ತೋರಿಸಿಕೊಟ್ಟನು. ಲೇಖನ ಪ್ರಕಟವಾದುದು “ಸ್ಟೂಡೆಂಟ್”, ಎಂದರೆ ವಿದ್ಯಾರ್ಥಿ, ಎಂಬ ಗುಪ್ತನಾಮದಲ್ಲಿ. ಇಂದು ಕಾಲೇಜಿನ ಪಠ್ಯಗಳಲ್ಲಿ ಬರುವ “ಸ್ಟೂಡೆಂಟನ ಟೀ ಪರೀಕ್ಷೆ” ಇದೇ. ಹಾಲನ್ನು ಮೊದಲು ಹಾಕಿದ ಚಹವನ್ನು ತಾನು ಗುರುತಿಸಬಲ್ಲೆನೆಂದ ಮಹಿಳೆಯ ಮಾತನ್ನು ಎಂಟು ಬಟ್ಟಲುಗಳಿಂದ ಪರೀಕ್ಷಿಸುವ ಕ್ರಮವನ್ನು ರೊನಾಲ್ಡ್ ಫಿಷರ್ 1935ರ ತನ್ನ ಗ್ರಂಥದಲ್ಲಿ ವಿವರಿಸಿದನು. ಆ ಫಿಷರನ ಬಳಿ ಕೇಂಬ್ರಿಜ್ಜಿನಲ್ಲಿ ಸಂಶೋಧನೆ ಮಾಡಿ ಲೋಕಪ್ರಸಿದ್ಧರಾದ ಸಿ. ಆರ್. ರಾವ್ ಅವರು 1920ರಲ್ಲಿ ಜನಿಸಿದ್ದು ನಮ್ಮ ಹೂವಿನಹಡಗಲಿಯಲ್ಲಿ ಎಂಬುದು ಕನ್ನಡಿಗರಿಗೆ ಸಂತೋಷದ ಸಂಗತಿ. ಇಂತಹ ರುಚಿಪರೀಕ್ಷೆಯನ್ನು ಶಾಸ್ತ್ರೋಕ್ತವಾಗಿ ನಡೆಸುವ ಏರ್ಪಾಡು ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿಯೂ ಇದೆ.

ನಾಲಿಗೆಗೆ ನಿಲುಕದ ಸಂಗತಿ

ಇಲ್ಲಿಯವರೆಗೆ ಹೇಳಿದುದು ರುಚಿಯ ವಿಚಾರ. “ಮೇಲು” ಎಂಬ ಮಾತಿಗೆ “ಅಪಾಯವಿಲ್ಲದ್ದು” ಎಂಬ ಅರ್ಥವನ್ನೂ ಜನ ಸೇರಿಸಿಕೊಳ್ಳುತ್ತಾರೆ. ಇದು ದೊಡ್ಡ ಪ್ರಮಾದ.

ಮೊದಲನೆಯದಾಗಿ, ಬೀರು ಹಗುರವಾದುದೆಂಬ ನಂಬಿಕೆಯನ್ನು ಲೆಕ್ಕ ಹಾಕಿ ನೋಡೋಣ. 650 ಮಿಲಿಲೀಟರಿನ ಬಾಟಲಿಯಲ್ಲಿ ನೂರಕ್ಕೆ 8ರಷ್ಟು ಮದ್ಯಸಾರವಿರುವ “ಸ್ಟ್ರಾಂಗ್” ಬೀರಿದ್ದರೆ ಅದರಲ್ಲಿ 52 ಮಿಲಿಲೀಟರ್ ಮದ್ಯಸಾರವಿರುತ್ತದೆ. ನೂರಕ್ಕೆ 42.8ರಷ್ಟು ಮದ್ಯಸಾರವುಳ್ಳ ವಿಸ್ಕಿಯ 60 ಮಿಲಿಲೀಟರಿನ ಒಂದು ಪೆಗ್ಗಿನಲ್ಲಿರುವುದು ಸುಮಾರು 26 ಮಿಲಿಲೀಟರ್. ಎಂದರೆ ಆ ಒಂದು ಬಾಟಲಿ ಬೀರು ಅಂತಹ ಎರಡು ಪೆಗ್ಗಿಗೆ ಸಮ. ನಾಲಿಗೆಗೆ ತಣ್ಣಗೆ ತೋರಿದುದು ಯಕೃತ್ತಿಗೆ ಹಾಗೆ ತೋರುವುದಿಲ್ಲ. ಮದ್ಯಪಾನವು ಕ್ಯಾನ್ಸರಿಗೆ ಕಾರಣವೆಂಬುದನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1988ರಲ್ಲಿಯೇ ಸಾರಿದೆ.

ಎರಡನೆಯದಾಗಿ, ಮೆಥನಾಲ್ ಎಂಬ ಕೈಗಾರಿಕಾ ದ್ರವ. ಇದರ ವಾಸನೆಯೂ ಸ್ವಾದವೂ ಕುಡಿಯುವ ಮದ್ಯಸಾರವನ್ನು ಬಹಳ ಮಟ್ಟಿಗೆ ಹೋಲುತ್ತವೆ. ಆದರೆ ಶರೀರವು ಇದನ್ನು ಫಾರ್ಮಿಕ್ ಆಮ್ಲವನ್ನಾಗಿ ಮಾರ್ಪಡಿಸುತ್ತದೆ. ಆ ಆಮ್ಲವು ಕಣ್ಣಿನ ನರವನ್ನು ಸುಡುತ್ತದೆ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮೆಥನಾಲ್ ಬೆರೆತ ಮದ್ಯವನ್ನು ಕುಡಿದು 300ಕ್ಕೂ ಹೆಚ್ಚು ಮಂದಿ ಮೃತರಾದರು. ಅವರ ನಾಲಿಗೆಗಳು ಅವರನ್ನು ಎಚ್ಚರಿಸಲಿಲ್ಲ.

ಮೂರನೆಯದು ರಾಯಚೂರು ಸೀಮೆಗೇ ಸಂಬಂಧಿಸಿದುದು. ಕರಾವಳಿಯ ಜಿಲ್ಲೆಗಳನ್ನು ಬಿಟ್ಟು ರಾಜ್ಯದ ಉಳಿದ ಭಾಗಗಳಲ್ಲಿ 2004ರಲ್ಲಿ ಸೇಂದಿಯ ಮಾರಾಟವನ್ನು ನಿಲ್ಲಿಸಲಾಯಿತು. ಕಳ್ಳತನದಿಂದ ಮಾರುವ ಕಲಬೆರಕೆ ಸೇಂದಿಯ ಕಾಟ ಅದರಿಂದ ತಪ್ಪಲಿಲ್ಲ. ಜನರು “ಸಿ.ಎಚ್. ಪೌಡರ್” ಎಂದು ಕರೆಯುವ ಕ್ಲೋರಲ್ ಹೈಡ್ರೇಟ್ ಎಂಬ ರಾಸಾಯನಿಕವನ್ನು ನೀರಿಗೆ ಬೆರೆಸಿ, ನೊರೆ ಬರಿಸಿ, ಸೇಂದಿಯೆಂದು ಮಾರುವುದುಂಟು. ಇದು 1832ರಲ್ಲಿ ಲೀಬಿಗ್ ತಯಾರಿಸಿದ, 1869ರಿಂದ ನಿದ್ರೆಯ ಔಷಧವಾಗಿ ಬಳಕೆಗೆ ಬಂದ ಪದಾರ್ಥ. ಕುಡಿದವನಿಗೆ ಬರುವ ಮತ್ತು ಈಚಲು ಮರದ್ದಲ್ಲ, ಔಷಧದ್ದು. ಕೆಲವು ಕಾಲ ಇದನ್ನು ಕುಡಿದವನಿಗೆ ನಿಜವಾದ ಸೇಂದಿ ಸಪ್ಪೆಯಾಗಿ ತೋರುತ್ತದೆ. ಪುಡಿ ಹೆಚ್ಚಿದ್ದುದೇ “ಒಳ್ಳೆಯ ಮಾಲು” ಎನಿಸುತ್ತದೆ. ಒಮ್ಮೆಲೆ ಬಿಟ್ಟರೆ ಕೈಕಾಲು ನಡುಗುತ್ತವೆ, ಸೆಳವು ಬರುತ್ತದೆ, ಬುದ್ಧಿ ಭ್ರಮಿಸುತ್ತದೆ. ಅಂತಹವರನ್ನು ಮನೆಯಲ್ಲಿ ಕೂಡಿಹಾಕದೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಇಲ್ಲಿ ನಾಲಿಗೆಯು ಮೌನವಾಗಿರುವ ಸಾಕ್ಷಿಯಷ್ಟೇ ಅಲ್ಲ, ವಿಷದ ಪರವಾಗಿಯೇ ನುಡಿಯುವ ಸಾಕ್ಷಿ.

ಆದುದರಿಂದ “ಯಾವುದು ಮೇಲು?” ಎಂಬ ಒಂದು ಪ್ರಶ್ನೆಯನ್ನು ಮೂರಾಗಿ ಒಡೆಯುವುದು ಉಚಿತ. ನನಗೆ ಯಾವುದು ಇಷ್ಟ? ಇದಕ್ಕೆ ಅವರವರೇ ಅಧಿಕಾರಿಗಳು. ನನಗೆ ವ್ಯತ್ಯಾಸ ನಿಜವಾಗಿ ತಿಳಿಯುತ್ತದೆಯೇ? ಇದಕ್ಕೆ ಚೀಟಿಯಿಲ್ಲದ ಲೋಟಗಳೂ ಸಂಖ್ಯಾಶಾಸ್ತ್ರವೂ ಬೇಕು. ಇದರಲ್ಲಿ ಏನಿದೆ? ಇದಕ್ಕೆ ಉತ್ತರ ಹೇಳಬಲ್ಲುದು ರಸಾಯನಶಾಲೆಯೊಂದೇ.

ಈ ವಿವೇಕವನ್ನು ಅಭ್ಯಾಸ ಮಾಡಲು ವಿದ್ಯಾರ್ಥಿಗಳಿಗೆ ಬೀರಿನ ಅಗತ್ಯವೇನೂ ಇಲ್ಲ. ಎರಡು ಮನೆಗಳ ಮಜ್ಜಿಗೆ ಸಾಕು. ಒಂದೇ ಬಗೆಯ ಮೂರು ಲೋಟಗಳು, ಒಂದೇ ತಂಪು, ಒಂದೇ ಪ್ರಮಾಣದ ಉಪ್ಪು. ಸವಿಯುವವರಿಗೆ ಕಣ್ಣಿಗೆ ಬಟ್ಟೆ. ಲೋಟಗಳ ಕ್ರಮವನ್ನು ಪ್ರತಿಸಲವೂ ಚೀಟಿಯೆತ್ತಿ ನಿರ್ಧರಿಸಬೇಕು. ನಡುನಡುವೆ ಬಾಯಿ ಮುಕ್ಕಳಿಸಬೇಕು. ಹನ್ನೆರಡು ಸಲ ನಡೆಸಿ ಸರಿಯುತ್ತರಗಳನ್ನು ಎಣಿಸಿರಿ. ನಮ್ಮ ಮನೆಯ ಮಜ್ಜಿಗೆಯೇ ಬೇರೆ ಎನ್ನುತ್ತಿದ್ದವರಲ್ಲಿ ಎಷ್ಟು ಮಂದಿ ಎಂಟನ್ನು ಮುಟ್ಟುತ್ತಾರೆಂಬುದನ್ನು ಆಗ ನೋಡಬಹುದು.