ಅಳಿಸುವ ಚಿತ್ರ ಮೇಲೋ, ನಗಿಸುವ ಚಿತ್ರ ಮೇಲೋ?

ಹುಲಿಕೆರೆಯ ಕಲ್ಯಾಣಿಯನ್ನು ನೋಡಿಕೊಂಡು ಉರಿಬಿಸಿಲಿನಲ್ಲಿ ಹಳೇಬೀಡಿಗೆ ಬಂದು, ಹೊಯ್ಸಳೇಶ್ವರ ದೇವಾಲಯದೊಳಕ್ಕೆ ಕಾಲಿಟ್ಟವರಿಗೆ ಮೊದಲು ಕಾಣುವುದು ಕತ್ತಲೆಯೊಂದೇ. ತುಸು ಹೊತ್ತು ನಿಂತರೆ ಕಂಬಗಳ ನುಣುಪು, ಆಮೇಲೆ ಕೆತ್ತನೆಗಳು ಒಂದೊಂದಾಗಿ ತೋರತೊಡಗುತ್ತವೆ. ಒಳಗೆ ಬೆಳಕು ಹೆಚ್ಚಿತೆಂದಲ್ಲ. ನಮ್ಮ ಕಣ್ಣು ಬದಲಾಯಿತು. ಅಕ್ಷಿಪಟದಲ್ಲಿರುವ ಶಂಕುವಿನಾಕಾರದ ಕೋಶಗಳು ಸುಮಾರು 10 ನಿಮಿಷಗಳಲ್ಲಿ ಕತ್ತಲೆಗೆ ಹೊಂದಿಕೊಳ್ಳುತ್ತವೆ. ಕಡ್ಡಿಯಾಕಾರದ ಕೋಶಗಳಿಗೆ ಅರ್ಧ ಗಂಟೆಯಾದರೂ ಬೇಕು.

ವಿದ್ಯಾರ್ಥಿಗಳೊಡನೆ ಅಲ್ಲಿಗೆ ಹೋಗಿದ್ದಾಗ ಒಂದು ವಾದ ಹುಟ್ಟಿತು. ಜಪಾನಿನಲ್ಲಿ ತಯಾರಾಗುವ 'ಅನಿಮೆ' ಎಂಬ ಚಲಿಸುವ ಚಿತ್ರಕಥೆಗಳನ್ನು ಇಂದಿನ ತರುಣರು ಬಲ್ಲರು. ಅವುಗಳಲ್ಲಿ ದುಃಖವನ್ನೂ ಮನಸ್ಸಿನ ಒಳತೋಟಿಯನ್ನೂ ತೋರಿಸುವಂಥವೇ ನಿಜವಾದ ಕಲೆ, ಉಳಿದುವು ಮಕ್ಕಳ ಕಾಲಹರಣ ಎಂದು ಒಬ್ಬನ ಮತ. ಆ ವರ್ಷವೇ ತಂದೆಯನ್ನು ಕಳೆದುಕೊಂಡಿದ್ದ ಇನ್ನೊಬ್ಬನು, ತಾನು ನಗೆಯ ಚಿತ್ರಗಳನ್ನಲ್ಲದೆ ಬೇರೊಂದನ್ನು ನೋಡಲಾರೆನೆಂದು ಮೆಲ್ಲನೆ ಹೇಳಿದನು. ಉಳಿದವರು ಅವನನ್ನು ಹಾಸ್ಯಮಾಡಿದರು. ಅಂದು ನಾನೇನೂ ಹೇಳಲಿಲ್ಲ; ಹೇಳಬೇಕಾಗಿತ್ತು.

ವಾಚಕರು ಮನೆಯಲ್ಲಿಯೇ ಒಂದು ಪ್ರಯೋಗವನ್ನು ಮಾಡಿ ನೋಡಬಹುದು. ಒಂದೇ ಬೂದುಬಣ್ಣದ ಕಾಗದದಿಂದ ಎರಡು ತುಂಡುಗಳನ್ನು ಕತ್ತರಿಸಿ, ಒಂದನ್ನು ಕರಿಯ ರಟ್ಟಿನ ಮೇಲೂ ಇನ್ನೊಂದನ್ನು ಬಿಳಿಯ ರಟ್ಟಿನ ಮೇಲೂ ಇಡಿರಿ. ಕರಿಯದರ ಮೇಲಿನ ತುಂಡು ಹೆಚ್ಚು ಬೆಳ್ಳಗೆ ಕಾಣುವುದು. ಹಾಗೆಯೇ ಒಂದು ದೀಪದ ಪಕ್ಕದಲ್ಲಿ ಇನ್ನೊಂದು ದೀಪವನ್ನು ಹಚ್ಚಿದರೆ ವ್ಯತ್ಯಾಸ ಕೂಡಲೆ ತಿಳಿಯುತ್ತದೆ. ನೂರು ದೀಪಗಳಿಗೆ ಒಂದನ್ನು ಸೇರಿಸಿದರೆ ತಿಳಿಯುವುದೇ ಕಷ್ಟ. ನಮ್ಮ ಇಂದ್ರಿಯಗಳು ಅಳೆಯುವುದು ಬರಿಯ ಪ್ರಮಾಣವನ್ನಲ್ಲ, ಅನುಪಾತವನ್ನು. 19ನೆಯ ಶತಮಾನದಲ್ಲಿ ಜರ್ಮನಿಯ ವೆಬರನು ಇದನ್ನು ಒಂದು ನಿಯಮವಾಗಿ ನಿರೂಪಿಸಿದನು.

ಕಥೆ ಕಟ್ಟುವವರು ಇದನ್ನು ಬಹುಕಾಲದಿಂದ ಬಲ್ಲರು. ನಮ್ಮ ತೊಗಲುಗೊಂಬೆಯಾಟವೂ ಬೆಳಕಿನ ಮುಂದೆ ಚಿತ್ರಗಳನ್ನು ಆಡಿಸುವ ಕಲೆಯೇ. ಪರದೆಯ ಹಿಂದೆ ದೀಪ, ನಡುವೆ ಬಣ್ಣ ಹಚ್ಚಿದ ಪಾರದರ್ಶಕ ತೊಗಲು. ಗೊಂಬೆಯನ್ನು ಪರದೆಗೆ ಒತ್ತಿ ಹಿಡಿದರೆ ಅಂಚು ಸ್ಪಷ್ಟ. ದೀಪದ ಕಡೆಗೆ ಸರಿಸಿದರೆ ರೂಪ ದೊಡ್ಡದಾಗಿ ಅಂಚು ಮಸುಕಾಗುತ್ತದೆ. ಈ ಕಲೆಯ ಹಿರಿಯ ಕಲಾವಿದೆ, ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ರಾಮಾಯಣ ಮಹಾಭಾರತಗಳ ಗಂಭೀರ ಕಥೆ ನಡೆಯುತ್ತಿರುವಾಗಲೇ ಕಿಳ್ಳೇಕ್ಯಾತನೂ ಅವನ ಹೆಂಡತಿ ಬಂಗಾರಕ್ಕನೂ ಪರದೆಯ ಮೇಲೆ ನುಗ್ಗಿ ಜನರನ್ನು ನಗಿಸುತ್ತಾರೆ. ನಗೆಯಿಂದ ಶೋಕ ಕೆಟ್ಟಿತೆಂದು ನೋಡುವವರಾರೂ ಎದ್ದುಹೋಗುವುದಿಲ್ಲ.

ಜಪಾನಿನಲ್ಲಿಯೂ ಇದಕ್ಕೆ ಸೊಗಸಾದ ನಿದರ್ಶನವುಂಟು. 1988ನೆಯ ಏಪ್ರಿಲ್ 16ರಂದು ಘಿಬ್ಲಿ ಎಂಬ ಸಂಸ್ಥೆಯ ಎರಡು ಚಿತ್ರಗಳು ಒಂದೇ ದಿನ, ಒಂದೇ ಪ್ರದರ್ಶನದ ಜೋಡಿಯಾಗಿ ಬಿಡುಗಡೆಯಾದುವು. ಇಸಾವೊ ತಕಾಹಾತಾ ಅವರ 'ಮಿಂಚುಹುಳುಗಳ ಸಮಾಧಿ'ಯಲ್ಲಿ 1945ರ ಬಾಂಬುದಾಳಿಯಿಂದ ಅನಾಥರಾದ ಅಣ್ಣ ತಂಗಿಯರು ಹಸಿವಿನಿಂದ ಸಾಯುತ್ತಾರೆ. ಹಯಾವೊ ಮಿಯಾಝಾಕಿ ಅವರ 'ನೆರೆಮನೆಯ ತೊತೊರೊ'ದಲ್ಲಿ ಇಬ್ಬರು ಹುಡುಗಿಯರು ಕಾಡಿನ ದಢೂತಿ ಪ್ರಾಣಿಯೊಂದರ ಗೆಳೆತನ ಮಾಡುತ್ತಾರೆ. ಮೊದಲನೆಯದರಲ್ಲಿ ನಮ್ಮನ್ನು ಹೆಚ್ಚು ಅಲುಗಿಸುವುದು ಸಾವಲ್ಲ. ಮಗುವು ಕಡಲತೀರದಲ್ಲಿ ಕುಣಿದಾಡುವ ಗಳಿಗೆ. ಎರಡನೆಯದರಲ್ಲಿ ತಾಯಿ ಆಸ್ಪತ್ರೆಯಲ್ಲಿದ್ದಾಳೆ. ಆ ಒಂದು ನೆರಳು ಇಲ್ಲದಿದ್ದರೆ ಅಲ್ಲಿನ ನಗುವೆಲ್ಲ ಬರಿಯ ಗುಲ್ಲಾಗುತ್ತಿತ್ತು. 1995ರಲ್ಲಿ ಆರಂಭವಾದ 'ಇವಾಂಜೆಲಿಯನ್' ಎಂಬ ಅತಿ ಖಿನ್ನವಾದ ಧಾರಾವಾಹಿಯಲ್ಲಿಯೂ ಸ್ನಾನದ ಮನೆಯಿಂದ ಹೊರಬರುವ ಒಂದು ಪೆಂಗ್ವಿನ್ ಇದೆ!

ಆದರೆ ಮನಸ್ಸು ಬೂದುಕಾಗದವಲ್ಲ, ಹೋಲಿಕೆ ಪ್ರಮಾಣವಾಗಲಾರದು. ಮನಶ್ಶಾಸ್ತ್ರಜ್ಞರು ನೋಡುವವರನ್ನೇ ಪರೀಕ್ಷಿಸಿದ್ದಾರೆ. ಜನರು ತಮ್ಮ ಆಗಿನ ಮನಃಸ್ಥಿತಿಯನ್ನು ಸರಿಪಡಿಸಿಕೊಳ್ಳುವಂತೆ ಮನರಂಜನೆಯನ್ನು ಆರಿಸಿಕೊಳ್ಳುತ್ತಾರೆಂಬುದು ಡಾಲ್ಫ್ ಝಿಲ್ಮನ್ ಅವರ ವಾದ. ಇದು ಎಲ್ಲವನ್ನೂ ವಿವರಿಸುವುದಿಲ್ಲ, ಏಕೆಂದರೆ ದುಃಖದ ಕಥೆಗಳನ್ನೂ ಜನ ಬೇಕೆಂದೇ ನೋಡುತ್ತಾರೆ. 2010ರಲ್ಲಿ ಮೇರಿ ಬೆತ್ ಆಲಿವರ್ ಮತ್ತು ಆನ್ ಬಾರ್ಚ್ ಅವರು ಚಿತ್ರವೊಂದರಿಂದ ದೊರೆಯುವ ಸಂತೋಷ ಬೇರೆ, ಅದು ಅರ್ಥವತ್ತಾಗಿತ್ತೆಂಬ ಮೆಚ್ಚುಗೆ ಬೇರೆ ಎಂದು ತೋರಿಸಿದರು. ಇವು ಎರಡು ಬೇರೆ ಅಳತೆಗೋಲುಗಳು. ಉಷ್ಣತೆಯನ್ನು ತಕ್ಕಡಿಯಲ್ಲಿ ತೂಗುವಂತಿಲ್ಲವಷ್ಟೆ. 2012ರಲ್ಲಿ ಅಮೆರಿಕದ ಒಹಾಯೋ ವಿಶ್ವವಿದ್ಯಾನಿಲಯವೊಂದರಲ್ಲಿ 361 ವಿದ್ಯಾರ್ಥಿಗಳಿಗೆ ಒಂದು ದುರಂತ ಚಿತ್ರವನ್ನು ತೋರಿಸಿ ಪರೀಕ್ಷಿಸಿದರು. ಅದನ್ನು ನೋಡಿ ತಮ್ಮ ಆಪ್ತರನ್ನು ನೆನೆದವರ ಸಂತೋಷ ಹೆಚ್ಚಿತು. 'ಸದ್ಯ, ನನ್ನ ಪಾಡು ಹೀಗಿಲ್ಲವಲ್ಲ' ಎಂದುಕೊಂಡವರಿಗೆ ಅಂಥ ಲಾಭವಾಗಲಿಲ್ಲ.

ಆದುದರಿಂದ ಚಿತ್ರದ ಕಪ್ಪನ್ನು ಅಳೆದು ಅದರ ಬೆಲೆಯನ್ನು ಕಟ್ಟುವುದು ತಪ್ಪು. ಕರುಣ, ಹಾಸ್ಯಗಳೆರಡನ್ನೂ ಭರತನು ಎಂಟು ರಸಗಳಲ್ಲಿಯೇ ಎಣಿಸಿದನು. ನನ್ನ ಮಟ್ಟಿಗೆ 'ತೊತೊರೊ'ದಂಥ ಚಿತ್ರವನ್ನು ಮಾಡುವುದೇ ಹೆಚ್ಚು ಕಷ್ಟವೆಂದು ತೋರುತ್ತದೆ. ಅಳಿಸಲು ಒಂದು ಸಾವು ಸಾಕಾಗಬಹುದು. ಇದನ್ನು ಒಪ್ಪದವರು ನನ್ನ ತರಗತಿಯಲ್ಲಿಯೇ ಬಹಳ ಮಂದಿ ಇದ್ದಾರೆ.

ಆ ಹುಡುಗನು ಕಳೆದ ತಿಂಗಳು ನನ್ನ ಕೊಠಡಿಗೆ ಬಂದಿದ್ದನು. 'ಮಿಂಚುಹುಳುಗಳ ಸಮಾಧಿ'ಯನ್ನು ಅರ್ಧ ನೋಡಿ ನಿಲ್ಲಿಸಿದೆನೆಂದನು. ಉಳಿದುದನ್ನು ರಜೆಯಲ್ಲಿ, ತಾಯಿಯೊಡನೆ ಕುಳಿತು ನೋಡುವನಂತೆ.